ಲಾರಿ ಬ್ರೇಕ್‌ಗೆ ಮೊದಲ ಸಲ ಕೈ ಹಾಕೋರು ಲೈನರ್‌ನಿಂದ ಶುರು ಮಾಡಬೇಡಿ

ಏರ್ ಬ್ರೇಕ್ ಇರೋ ಲಾರಿಯ ಬ್ರೇಕ್ ಕೆಲಸ ಮಾಲೀಕರೇ ಮಾಡಿಕೊಳ್ಳಬಹುದಾ? ಧಾರಾಳವಾಗಿ. ಆದರೆ ಎಲ್ಲರೂ ಮೊದಲ ದಿನವೇ ಲೈನರ್ (ಶೂ ಮೇಲಿನ, ಡ್ರಮ್ಮಿಗೆ ಉಜ್ಜೋ ಪಟ್ಟಿ) ಬದಲಿಸೋಕೆ ಜಾಕಿ ಹಾಕಿ ಚಕ್ರ ಬಿಚ್ಚೋಕೆ ಹೋಗ್ತಾರೆ. ಅದಕ್ಕಿಂತ ಮುಂಚೆ ಕಲಿಯಬೇಕಾದ್ದು ಪುಶ್ ರಾಡ್ ಅಳೆಯೋದು, ಅಂದರೆ ಬ್ರೇಕ್ ಒತ್ತಿದಾಗ ಚಕ್ರದ ಹತ್ತಿರದ ಗಾಳಿ ಡಬ್ಬಿಯಿಂದ (ಬೂಸ್ಟರ್) ಹೊರಬರೋ ಸರಳು ಎಷ್ಟು ದೂರ ಬರುತ್ತೆ ಅಂತ ನೋಡೋದು. ಒಂದು ಸ್ಕೇಲು, ಒಂದು ಸೀಮೆಸುಣ್ಣ ಸಾಕು.

ಏರ್ ಬ್ರೇಕಲ್ಲಿ ಪೆಡಲ್ ನಂಬೋಕಾಗಲ್ಲ. ಕಾಲಡಿ ಇರೋದು ಗಾಳಿ ಬಿಡೋ ವಾಲ್ವ್ ಅಷ್ಟೇ. ಚಕ್ರದೊಳಗಿನ ಶೂ, ಚಕ್ರದ ಜೊತೆ ತಿರುಗೋ ಡ್ರಮ್ಮಿಗೆ ಗಟ್ಟಿಯಾಗಿ ಕೂತರೂ ಸುಮ್ಮನೆ ಸವರಿದರೂ ಕಾಲಿಗೆ ಒಂದೇ ಥರ. ಜೊತೆಗೆ ಡ್ರಮ್ ಬಿಸಿಯಾದರೆ ಹಿಗ್ಗಿ ಶೂನಿಂದ ದೂರ ಸರಿಯುತ್ತೆ, ಪುಶ್ ರಾಡ್ ಇನ್ನಷ್ಟು ಹೊರಗೆ ಬರಬೇಕಾಗುತ್ತೆ. ಯಾರ್ಡಲ್ಲಿ ಚೆನ್ನಾಗಿ ಹಿಡಿದ ಬ್ರೇಕ್, ಸಕಲೇಶಪುರ ದಾಟಿ ಲೋಡ್ ಸಮೇತ ಶಿರಾಡಿ ಇಳಿಯುವಾಗ ಕೈಕೊಡೋದಕ್ಕೆ ಇದೂ ಒಂದು ಕಾರಣ.

ಅಳೆಯೋದು ಹೀಗೆ. ಸಮತಟ್ಟಾದ ಜಾಗ, ಚಕ್ರಗಳಿಗೆ ಎರಡೂ ಕಡೆ ಮರದ ಅಡ್ಡ. ಟ್ಯಾಂಕಲ್ಲಿ 6ರಿಂದ 7 ಬಾರ್ ಗಾಳಿ ಇಟ್ಟು ಇಂಜಿನ್ ಆಫ್ ಮಾಡಿ, ಪಾರ್ಕಿಂಗ್ ಬ್ರೇಕ್ ಬಿಡಿ. ಪುಶ್ ರಾಡ್ ಬೂಸ್ಟರ್‌ನಿಂದ ಹೊರಬರೋ ಜಾಗದಲ್ಲಿ ಸೀಮೆಸುಣ್ಣದ ಗುರುತು ಹಾಕಿ. ಇನ್ನೊಬ್ಬರು ಪೆಡಲ್ ಪೂರ್ತಿ ಒತ್ತಿ ಹಿಡಿದಾಗ ಗುರುತು ಎಷ್ಟು ಮುಂದೆ ಬಂತು ನೋಡಿ. ಸಾಮಾನ್ಯ ಟೈಪ್ 30 ಬೂಸ್ಟರಿಗೆ (ನಂಬರ್ ಬೂಸ್ಟರಿನ ಗಾತ್ರ) 51 ಮಿ.ಮೀ., ಟೈಪ್ 24ಕ್ಕೆ 45 ಮಿ.ಮೀ. ಗಡಿ. ಒಂದೇ ಆಕ್ಸಲ್‌ನ ಎಡ ಬಲಕ್ಕೆ ಹೆಚ್ಚು ವ್ಯತ್ಯಾಸ ಇದ್ದರೆ ಗಾಡಿ ಒಂದು ಕಡೆ ಎಳೆಯುತ್ತೆ.

ಗಡಿ ದಾಟಿದ್ದರೆ ಸ್ಲ್ಯಾಕ್ ಅಡ್ಜಸ್ಟರ್ (ಪುಶ್ ರಾಡನ್ನು ಕ್ಯಾಮ್ ಶಾಫ್ಟಿಗೆ ಸೇರಿಸೋ ತೋಳು) ನೋಡಿ. ಅದು ಮ್ಯಾನುವಲ್ ಆದರೆ ಲಾಕ್ ಕಾಲರನ್ನು ಸ್ಪ್ಯಾನರಿಂದ ಒಳಗೆ ಒತ್ತಿ ತಿರುಗಿಸಿ. ಎಸ್ ಕ್ಯಾಮ್ (ಶೂಗಳನ್ನು ಹೊರಗೆ ತಳ್ಳೋ ಎಸ್ ಆಕಾರದ ತುಂಡು) ಬ್ರೇಕ್ ಹಿಡಿಯುವಾಗ ತಿರುಗೋ ದಿಕ್ಕಿಗೇ ತಿರುಗಬೇಕು. ಶೂ ಡ್ರಮ್ಮಿಗೆ ಮುಟ್ಟಿ ನಿಂತ ಮೇಲೆ ಕಾಲು ಸುತ್ತಿನಿಂದ ಅರ್ಧ ಸುತ್ತು ಹಿಂದಕ್ಕೆ. ಕಾಲರ್ ಮತ್ತೆ ಹೊರಗೆ ಬಂತಾ ನೋಡಲೇಬೇಕು, ಇಲ್ಲದಿದ್ದರೆ ಓಡಾಟದಲ್ಲಿ ತಾನೇ ಸಡಿಲಾಗುತ್ತೆ.

ಆಟೋ ಅಡ್ಜಸ್ಟರ್ ಇದ್ದರೆ ತಿರುಗಿಸೋ ಚಟ ಬಿಡಿ. ಅಳತೆ ಗಡಿ ದಾಟಿದೆ ಅಂದರೆ ಪುಶ್ ರಾಡ್ ತುದಿಯ ಕ್ಲೆವಿಸ್ ಪಿನ್, ಕ್ಯಾಮ್ ಬುಷ್ ಸವೆದಿರಬಹುದು, ಡ್ರಮ್ ಅಗಲವಾಗಿರಬಹುದು, ಅಡ್ಜಸ್ಟರೇ ಸತ್ತಿರಬಹುದು. ಕೈಯಲ್ಲಿ ಬಿಗಿ ಮಾಡಿದರೆ ಕಾಯಿಲೆ ಮುಚ್ಚಿಹೋಗುತ್ತೆ, ಗುಣ ಆಗಲ್ಲ.

ಇಷ್ಟು ಕೈಗೆ ಕೂತ ಮೇಲೆ ಲೈನರ್. ಮೊದಲು ಒಂದು ಎಚ್ಚರಿಕೆ: ಪಾರ್ಕಿಂಗ್ ಬ್ರೇಕ್ ಹಿಡಿಯೋ, ಹಿಂದಿನ ಆಕ್ಸಲ್‌ನ ಸ್ಪ್ರಿಂಗ್ ಬೂಸ್ಟರಲ್ಲಿ ಪ್ರಾಣ ತೆಗೆಯುವಷ್ಟು ಬಲದ ಸ್ಪ್ರಿಂಗ್ ಅದುಮಿ ಕೂತಿದೆ. ಅದರ ಕ್ಲ್ಯಾಂಪ್ ಬಿಚ್ಚಬೇಡಿ, ಯಾರು ಎಷ್ಟು ಧೈರ್ಯ ಹೇಳಿದರೂ ಬೇಡ. ಕೆಟ್ಟಿದ್ದರೆ ಪೂರ್ತಿ ಹೊಸದು ಹಾಕಿ. ಗಾಳಿ ತುಂಬಿ ಪಾರ್ಕಿಂಗ್ ಬ್ರೇಕ್ ಬಿಟ್ಟಿರುವಾಗಲೇ ಆ ಸ್ಪ್ರಿಂಗನ್ನು ಅದುಮಿ ಹಿಡಿಯೋ ಕೇಜಿಂಗ್ ಬೋಲ್ಟನ್ನು ಬೂಸ್ಟರ್ ಹಿಂಬದಿಯ ತೂತಿಗೆ ತೂರಿಸಿ, ಕಾಲು ಸುತ್ತು ಬಲಕ್ಕೆ ತಿರುಗಿಸಿ, ಎಳೆದು ಸಿಕ್ಕಿದೆಯಾ ನೋಡಿ, ನಟ್ ಕೈಯಲ್ಲೇ ಬಿಗಿ ಮಾಡಿ. ನಟ್ ಬಿಗಿಯೋ ಗನ್ ಬೇಡ. ಆಮೇಲೆ ಆ ಚಕ್ರಕ್ಕೆ ಪಾರ್ಕಿಂಗ್ ಬ್ರೇಕ್ ಇರಲ್ಲ, ಮರದ ಅಡ್ಡವೇ ಗತಿ. ಜಾಕಿ ಎತ್ತೋಕೆ ಮಾತ್ರ, ಭಾರ ಹೊರೋಕೆ ಸ್ಟ್ಯಾಂಡ್. ಕಲ್ಲಿನ ರಾಶಿ ಸ್ಟ್ಯಾಂಡ್ ಅಲ್ಲ.

ಡ್ರಮ್ ಬರದಿದ್ದರೆ ಸುತ್ತಿಗೆ ಎತ್ತಬೇಡಿ. ಸವೆದ ಡ್ರಮ್ಮಿನ ಅಂಚು ಶೂಗೆ ಸಿಕ್ಕಿಕೊಂಡಿರುತ್ತೆ. ಅಡ್ಜಸ್ಟರ್ ಪೂರ್ತಿ ಸಡಿಲ ಮಾಡಿದರೆ ಬರುತ್ತೆ. ಒಳಗಿನ ಧೂಳಿಗೆ ಗಾಳಿ ಹೊಡೆಯಬೇಡಿ, ಹಳೆ ಲೈನರಲ್ಲಿ ಆಸ್ಬೆಸ್ಟಾಸ್ ಇರಬಹುದು. ಒದ್ದೆ ಬಟ್ಟೆಯಲ್ಲಿ ಒರೆಸಿ. ಡ್ರಮ್ ಮೇಲೆ ಕೆತ್ತಿರೋ ಗರಿಷ್ಠ ವ್ಯಾಸ ದಾಟಿದ್ದರೆ, ಅಂಚಿನವರೆಗೆ ಸೀಳಿದ್ದರೆ, ಗುಜರಿಗೆ ಹಾಕಿ.

ಹಬ್ ಸೀಲ್ ಸೋರಿ ಗ್ರೀಸ್ ಕುಡಿದ ಲೈನರನ್ನು ಪೆಟ್ರೋಲಲ್ಲಿ ತೊಳೆದು ಮತ್ತೆ ಹಾಕೋರಿದ್ದಾರೆ. ಬಿಸಿಯಾದ ಕೂಡಲೇ ಒಳಗಿನ ಜಿಡ್ಡು ಮೇಲೆ ಬರುತ್ತೆ, ದುಡ್ಡೂ ಹೋಯ್ತು, ದಿನವೂ ಹೋಯ್ತು. ಸೀಲ್ ಬದಲಿಸಿ, ಲೈನರ್ ಆ ಆಕ್ಸಲ್‌ನ ಎರಡೂ ಚಕ್ರಕ್ಕೆ ಬದಲಿಸಿ, ರಿಟರ್ನ್ ಸ್ಪ್ರಿಂಗ್ ಹೊಸದೇ ಹಾಕಿ. ಕ್ಯಾಮ್‌ಗೂ ಶೂಗೂ ನಡುವಿನ ರೋಲರ್, ಶೂನಲ್ಲಿ ಕೂರೋ ಜಾಗಕ್ಕೆ ಗ್ರೀಸ್ ಬೇಕು, ಕ್ಯಾಮ್ ಉಜ್ಜೋ ಮುಖಕ್ಕೆ ಬೇಡ. ಕ್ಯಾಮ್ ಶಾಫ್ಟ್ ಎಡದ್ದು ಬೇರೆ, ಬಲದ್ದು ಬೇರೆ. ಬಿಚ್ಚುವಾಗಲೇ ಗುರುತು ಹಾಕಿಕೊಳ್ಳಿ.

ಜೋಡಿಸಿದ ಮೇಲೆ ಕೇಜಿಂಗ್ ಬೋಲ್ಟ್ ತೆಗೆಯೋದು ಮರೆಯಬೇಡಿ. ಪುಶ್ ರಾಡ್ ಮತ್ತೆ ಅಳೆಯಿರಿ. ಇಂಜಿನ್ ಆಫ್ ಮಾಡಿ ಪೆಡಲ್ ಒತ್ತಿ ಹಿಡಿದಾಗ, ಮೊದಲ ಇಳಿತ ಬಿಟ್ಟು, ಟ್ಯಾಂಕಿನ ಗಾಳಿ ನಿಮಿಷಕ್ಕೆ 0.2 ಬಾರ್‌ಗಿಂತ ಹೆಚ್ಚು ಇಳಿದರೆ ಎಲ್ಲೋ ಲೀಕ್ ಇದೆ, ಸೋಪು ನೀರು ಹಚ್ಚಿ ಹುಡುಕಿ. ಹೊಸ ಲೈನರ್ ಡ್ರಮ್ಮಿಗೆ ಹೊಂದಿಕೊಳ್ಳೋ ತನಕ ಖಾಲಿ ಗಾಡಿಯಲ್ಲಿ ನಿಧಾನಕ್ಕೆ ಹಲವು ಸಲ ಬ್ರೇಕ್ ಹಾಕಿ ಓಡಿಸಿ, ಘಾಟಿಗೆ ಬೇಡ. 50ರಿಂದ 100 ಕಿ.ಮೀ. ಆದ ಮೇಲೆ ಚಕ್ರದ ನಟ್‌ಗಳನ್ನು ಎದುರುಬದುರು ಕ್ರಮದಲ್ಲಿ ಇನ್ನೊಮ್ಮೆ ಬಿಗಿ ನೋಡಿ.