ಬೈಯುತ್ತಾ ಓದಿದ ಮೂರು ಸಾವಿರ ಪುಟ

ಟ್ಯಾಡ್ ವಿಲಿಯಮ್ಸ್ ಎಂಬ ಅಮೆರಿಕದ ಲೇಖಕರು 'ಅದರ್‌ಲ್ಯಾಂಡ್' ಎಂಬ ಸರಣಿ ಬರೆದರು. 1996ರಿಂದ 2001ರವರೆಗೆ ನಾಲ್ಕು ಸಂಪುಟ ಬಂದವು, ಎಲ್ಲ ಸೇರಿ ಸುಮಾರು 3,000 ಪುಟ. ಸಾಯಲು ಇಷ್ಟವಿಲ್ಲದ ಕೆಲವು ಭಾರಿ ಕುಳಗಳು ಗುಟ್ಟಾಗಿ ಕಂಪ್ಯೂಟರಿನೊಳಗೆ ಒಂದು ವರ್ಚುವಲ್ ಲೋಕ (ವರ್ಚುವಲ್ ರಿಯಾಲಿಟಿ, ಚಿಕ್ಕದಾಗಿ ವಿಆರ್) ಕಟ್ಟಿಸುತ್ತಾರೆ. ಅದರ ಜಾಡು ಹಿಡಿದು ಹೋದ ಒಂದಿಷ್ಟು ಸಾಮಾನ್ಯ ಜನ ಒಳಗೇ ಸಿಕ್ಕಿಬೀಳುತ್ತಾರೆ. ಲಾಗ್‌ಔಟ್ ಆಗೋಕೆ ಬರಲ್ಲ.

ಓದುಗರ ಪಾಡು ಇದಕ್ಕಿಂತ ವಿಚಿತ್ರ. ಅವರಿಗೆ ಲಾಗ್‌ಔಟ್ ಇದೆ. ಪುಸ್ತಕ ಮುಚ್ಚಿಟ್ಟರೆ ಮುಗೀತು. ಆದರೆ ಮುಚ್ಚುವುದಿಲ್ಲ. ನಾಲ್ಕನೇ ಸಂಪುಟದ ಕೊನೇ ಪುಟ ಮುಗಿಸಿ, ನೀರು ಕುಡಿದು, ಆಮೇಲೆ "ಟೈಮ್ ವೇಸ್ಟ್" ಎಂದು ತೀರ್ಪು ಕೊಡುತ್ತಾರೆ. ರಾತ್ರಿ ಸೀರಿಯಲ್ಲನ್ನು ಬೈದುಕೊಂಡೇ ನೋಡಿ, ಮರುದಿನ ಕರೆಂಟ್ ಹೋದರೆ ಕೆಇಬಿಗೆ ಫೋನ್ ಮಾಡುವ ನಮ್ಮ ಅತ್ತೆಯಂದಿರ ಜಾತಿಯವರೇ ಇವರೂ.

ತಕರಾರು ಶುರುವಾಗುವುದು ಮೊದಲ ಪುಟದಿಂದಲೇ. ಕಂಪ್ಯೂಟರ್ ಲೋಕ ಅಂತ ಪುಸ್ತಕ ತೆಗೆದರೆ ಮೊದಲನೇ ಮಹಾಯುದ್ಧದ ಕಂದಕ, ಕೆಸರು, ಅದರಲ್ಲಿ ಪಾಲ್ ಜೋನಸ್ ಎಂಬ ಸೈನಿಕ. "ನಾನು ಕೇಳಿದ್ದು ವಿಆರ್, ಕೊಟ್ಟಿದ್ದು ಕೆಸರು" ಎಂದು ಒಬ್ಬರ ಗೋಳು. ಮುಂದೆ ಕಥೆ ದಕ್ಷಿಣ ಆಫ್ರಿಕಾದ ಡರ್ಬನ್‌ಗೆ ಬರುತ್ತದೆ. ಅಲ್ಲಿ ರೆನಿ ಎಂಬ ಮೇಡಂ ವಿಆರ್ ಪಾಠ ಮಾಡುತ್ತಾಳೆ. ಅವಳ ತಮ್ಮ ನೆಟ್ಟಿನೊಳಗಿನ ಕಳ್ಳ ಕ್ಲಬ್ಬಿಗೆ ಹೋಗಿ ಕೋಮಾಕ್ಕೆ ಜಾರುತ್ತಾನೆ. ಆಗ ಇನ್ನೊಬ್ಬರು: "ಆ ಕೆಸರೇ ಚೆನ್ನಾಗಿತ್ತು, ಅಲ್ಲಿಗೆ ಯಾವಾಗ ವಾಪಸ್ ಹೋಗ್ತಾರೆ?"

ಅಭಿಮಾನಿಗಳೇನು ಕಡಿಮೆಯಿಲ್ಲ. ಅವರದು ಒಂದೇ ಮಂತ್ರ: ಸ್ವಲ್ಪ ತಾಳ್ಕೊಳ್ಳಿ. ಸ್ವಲ್ಪ ಅಂದರೆ ಎಷ್ಟು? ಮುನ್ನೂರು ಪುಟ. ಮುನ್ನೂರಾದ ಮೇಲೆ? ಎರಡನೇ ಸಂಪುಟದಲ್ಲಿ ನೋಡಿ ಮಜಾ. ಅದೂ ಆಯಿತು. ಅಯ್ಯೋ, ನಾಲ್ಕನೆಯದು ಓದದೆ ಮಾತಾಡಬೇಡಿ! ಮೆಚ್ಚದವರನ್ನು "ರೀಲ್ಸ್ ಪೀಳಿಗೆ" ಎಂದು ಮೂದಲಿಸುವುದು ಈಚಿನ ಸೇರ್ಪಡೆ. ರೀಲ್ಸ್ ಹುಟ್ಟುವ ಎಷ್ಟೋ ವರ್ಷ ಮುಂಚೆಯೇ ಮೊದಲ ಸಂಪುಟ ಓದಿದವರು "ಕಥೆ ನಡುದಾರಿಯಲ್ಲಿ ನಿಂತುಬಿಡ್ತಲ್ಲ" ಎಂದು ಕಾಗದ ಬರೆದಿದ್ದರು. ಎರಡನೆಯದರ ಆರಂಭದಲ್ಲೇ ವಿಲಿಯಮ್ಸ್ ಆ ಓದುಗರಿಗೆ ಸಮಾಧಾನ ಹೇಳಬೇಕಾಯಿತು: ಇದು ನಾಲ್ಕು ಕಾದಂಬರಿಯಲ್ಲ, ಭಾಗ ಮಾಡಿ ಕೊಡುತ್ತಿರುವ ಒಂದೇ ಕಾದಂಬರಿ. ಮರೆಯುವವರಿಗಾಗಿ 'ಇಲ್ಲಿಯವರೆಗಿನ ಕಥೆ'ಯನ್ನೂ ಸೇರಿಸಿದರು. ಉದ್ದ ಆಯ್ತು ಎನ್ನುವವರು ಅದನ್ನೂ ಬಿಡದೆ ಓದಿ, ಪುಟ ಜಾಸ್ತಿ ಆಯ್ತು ಎಂದರು.

ಈ ಜಗಳ ಬಗೆಹರಿಸಲು ಒಂದು ಕತ್ತರಿ ಸಮಿತಿ ಮಾಡಬಹುದು. ಯಾರಿಗೆ ಏನು ಬೇಡವೋ ಅದನ್ನು ಕತ್ತರಿಸೋಣ. ಆ ವರ್ಚುವಲ್ ಲೋಕದೊಳಗೆ ಬಗೆಬಗೆಯ ಲೋಕಗಳಿವೆ; ಅವುಗಳಲ್ಲಿ ಮೊದಲು ಕಾರ್ಟೂನ್ ಅಡುಗೆಮನೆ. ಅಲ್ಲಿ ಬೆಂಕಿಪೊಟ್ಟಣದ ಮೇಲಿನ ಚಿತ್ರ ಜೀವ ಬಂದು ದೋಣಿ ಹತ್ತುತ್ತದೆ. (ನನ್ನನ್ನು ಕೇಳಿದರೆ ಇಡೀ ಸರಣಿಯಲ್ಲಿ ಅದೇ ಬೊಂಬಾಟ್. ಆದರೆ ನಾನು ಸಮಿತಿಯಲ್ಲಿಲ್ಲ.) ಮನುಷ್ಯರನ್ನು ಹುಳುವಿನಷ್ಟು ಚಿಕ್ಕದು ಮಾಡುವ ಲೋಕ ಬೇಡ, ಹುಳ ಕಂಡರೆ ಆಗದವರಿದ್ದಾರೆ. ಟ್ರಾಯ್ ಯುದ್ಧ ಬೇಡ, ಕಾಲೇಜಿನಲ್ಲೇ ಓದಿಯಾಗಿದೆ. ರೆನಿಯ ಶಿಷ್ಯ, ಆಫ್ರಿಕಾದ ಸ್ಯಾನ್ ಬುಡಕಟ್ಟಿನವನು, ಬಬೂನ್ ಕೋತಿಯಾಗಿ ಓಡಾಡುವುದು ಬೇಡ, ಗಾಂಭೀರ್ಯ ಕಡಿಮೆ. ಅವನು ಹೇಳುವ ಬುಡಕಟ್ಟಿನ ಕಥೆಗಳೂ ಬೇಡ, ಗಾಂಭೀರ್ಯ ಜಾಸ್ತಿ. ಅಧ್ಯಾಯದ ತಲೆಯಲ್ಲಿ ಬರುವ ನಾಳಿನ ಸುದ್ದಿ ತುಣುಕುಗಳಂತೂ ಬೇಡವೇ ಬೇಡ. ಎಲ್ಲರ ಮನವಿ ಮನ್ನಿಸಿದ ಮೇಲೆ ಉಳಿಯುವುದು ಮುಖಪುಟ ಮತ್ತು ಬೆಲೆ. ಆಗ ಎಲ್ಲರೂ ಒಂದಾಗಿ ಬೆಲೆ ಜಾಸ್ತಿ ಎನ್ನುತ್ತಾರೆ.

ಮೂರನೇ ಗುಂಪೊಂದಿದೆ, ಟೆಕ್ನಾಲಜಿ ಪಂಡಿತರದು. "ಇದೆಲ್ಲ ಹಳೇದಾಯ್ತು" ಎನ್ನುವುದು ಇವರೇ. ಇವರ ವಿಆರ್ ಹೆಡ್‌ಸೆಟ್ ಅಟ್ಟದ ಮೇಲೆ ಹಳೇ ಮಿಕ್ಸಿಯ ಪಕ್ಕದಲ್ಲಿ ಧೂಳು ಕುಡಿಯುತ್ತಿದೆ. ಫೇಸ್‌ಬುಕ್ ಕಂಪನಿ 2021ರಲ್ಲಿ ಹೆಸರನ್ನೇ ಮೆಟಾ ಎಂದು ಬದಲಿಸಿಕೊಂಡು, ದುಡ್ಡು ಸುರಿದು ಇಂಥದ್ದೇ ವಿಆರ್ ಲೋಕ ಕಟ್ಟಲು ಹೊರಟಿತು. ಅಲ್ಲಿನ ಅವತಾರಗಳಿಗೆ ಶುರುವಿನಲ್ಲಿ ಸೊಂಟದ ಕೆಳಗೆ ಏನೂ ಇರಲಿಲ್ಲ. ವಿಲಿಯಮ್ಸ್ 1996ರಲ್ಲೇ ಬರೀ ಅಕ್ಷರದಲ್ಲಿ ಕೋತಿಗೂ ನಾಲ್ಕು ಕಾಲು ಕೊಟ್ಟಿದ್ದರು. ಅದು ಹಳೇದಂತೆ!

ಇವರೆಲ್ಲರ ನಡುವೆ ಜರ್ಮನಿಯ ಹೆಸ್ಸನ್ ರೇಡಿಯೋದವರದು ಬೇರೆಯೇ ದಾರಿ. ಚರ್ಚೆಗೆ ಕೂರದೆ ಇಡೀ ಸರಣಿಯನ್ನು ರೇಡಿಯೋ ನಾಟಕ ಮಾಡಿಬಿಟ್ಟರು. ಪೂರಾ 24 ಗಂಟೆಯದು. ಪುಸ್ತಕ ಉದ್ದ ಎಂದು ಕೂಗಾಡಿದವರಿಗೆ ಅದನ್ನು ಕೇಳಿಸಿ ನೋಡಿ. ಕೊನೇ ನಿಮಿಷದವರೆಗೆ ಕೇಳಿ, ಇಯರ್‌ಫೋನ್ ತೆಗೆದು ಏನಂತಾರೆ ಗೊತ್ತಾ?

"ಚೆನ್ನಾಗಿದೆ ರೀ, ಆದರೆ ತುಂಬಾ ಬಿಟ್ಟುಬಿಟ್ಟಿದ್ದಾರೆ."