ಒಳ್ಳೆ ಅಲೆ ಬಂದಾಗ ನೀರಲ್ಲಿ ಯಾರಿದ್ದರು?

ಹೆಂಗಸರ ಸರ್ಫಿಂಗ್ ವಿಷಯ ಬಂದರೆ ಎಲ್ಲರೂ ಮೊದಲು ಎತ್ತುವುದು ಬಹುಮಾನದ ದುಡ್ಡಿನ ಮಾತು. ಎತ್ತಲೇಬೇಕು. 2018ರಲ್ಲಿ ದಕ್ಷಿಣ ಆಫ್ರಿಕಾದ ಬಲಿಟೊದಲ್ಲಿ ಜೂನಿಯರ್ ಸ್ಪರ್ಧೆ ಗೆದ್ದ ಹುಡುಗ ಮತ್ತು ಹುಡುಗಿ ಅಕ್ಕಪಕ್ಕ ನಿಂತು ಚೆಕ್ ಹಿಡಿದಿದ್ದ ಫೋಟೊ ಜಗತ್ತೆಲ್ಲ ಸುತ್ತಿತು. ಅವನ ಕೈಯಲ್ಲಿ 8,000 ರಾಂಡ್, ಅವಳ ಕೈಯಲ್ಲಿ 4,000. ಅದೇ ಸಮುದ್ರ, ಅದೇ ಸ್ಪರ್ಧೆ. ಕೆಲವೇ ತಿಂಗಳಲ್ಲಿ ವರ್ಲ್ಡ್ ಸರ್ಫ್ ಲೀಗ್, 2019ರಿಂದ ತಾನು ನಡೆಸುವ ಸ್ಪರ್ಧೆಗಳಲ್ಲಿ ಇಬ್ಬರಿಗೂ ಸಮಾನ ಬಹುಮಾನ ಎಂದು ಘೋಷಿಸಿತು. ಬಹಳ ದೊಡ್ಡ ಹೆಜ್ಜೆ, ಅನುಮಾನವಿಲ್ಲ.

ಆದರೂ ನನಗೆ ದುಡ್ಡಿಗಿಂತ ಮೊದಲು ಕೇಳಬೇಕಾದದ್ದು ನೀರಿನ ಪ್ರಶ್ನೆ ಅನ್ನಿಸುತ್ತದೆ. ಅಲೆ ಚೆನ್ನಾಗಿದ್ದ ಹೊತ್ತಿನಲ್ಲಿ ಯಾರನ್ನು ನೀರಿಗೆ ಬಿಟ್ಟರು?

ಸರ್ಫಿಂಗ್ ನೋಡದವರಿಗೆ ಸ್ವಲ್ಪ ವಿವರಿಸುತ್ತೇನೆ. ಇಲ್ಲಿ ಮೈದಾನಕ್ಕೆ ಸುಣ್ಣ ಎಳೆದು ಆಟ ಶುರು ಮಾಡುವಂತಿಲ್ಲ. ಒಂದು ಸ್ಪರ್ಧೆಗೆ ಹತ್ತು ಹನ್ನೆರಡು ದಿನ ಇಟ್ಟುಕೊಂಡು, ದಿನಾ ಬೆಳಿಗ್ಗೆ ಸ್ವೆಲ್ (ದೂರದ ಕಡಲಿಂದ ಬರುವ ಅಲೆಯ ಉಬ್ಬು), ಗಾಳಿ, ಭರತ ಇಳಿತ ನೋಡಿ ಇವತ್ತು ಆಟ ಇದೆಯೋ ಇಲ್ಲವೋ ಎಂದು ಹೇಳುತ್ತಾರೆ. ಗಾಳಿ ದಡದಿಂದ ಸಮುದ್ರದ ಕಡೆಗೆ ಬೀಸುವಾಗ ಅಲೆ ನಯವಾಗಿ ಎದ್ದು ನಿಲ್ಲುತ್ತದೆ. ಅದೇ ಗಾಳಿ ತಿರುಗಿತೆಂದರೆ ಎಲ್ಲ ಕಲಸಿಹೋಗುತ್ತದೆ. ವರ್ಷಾನುಗಟ್ಟಲೆ ನಡೆದದ್ದು ಹೀಗೆ: ಅಲೆ ಚೆನ್ನಾಗಿದ್ದಾಗ ಗಂಡಸರ ಹೀಟ್ (ಸ್ಪರ್ಧೆಯ ಒಂದು ಸುತ್ತು), ಕೆಟ್ಟ ಮೇಲೆ ಹೆಂಗಸರನ್ನು ಇಳಿಸುವುದು. ಆಮೇಲೆ ಅದನ್ನೇ ತೋರಿಸಿ, ಹೆಂಗಸರ ಸರ್ಫಿಂಗ್‌ನಲ್ಲಿ ನೋಡೋದಕ್ಕೇನಿದೆ ಅನ್ನುವುದು. ಅತ್ಯುತ್ತಮ ಎರಡು ಅಲೆಗಳ ಅಂಕ ಕೂಡಿಸಿ 20ಕ್ಕೆ ಲೆಕ್ಕ ಹಾಕುವ ಆಟ ಇದು. ಅಲೆಯೇ ಸಿಗದಿದ್ದರೆ ಅಂಕ ಎಲ್ಲಿಂದ ತರಬೇಕು?

ತಾಹಿತಿಯ ತೆಆಹುಪೊ ಅಂತ ಒಂದು ಜಾಗ ಇದೆ. ಹವಳದ ಬಂಡೆಯ ಮೇಲೆ, ತೀರಾ ಕಡಿಮೆ ಆಳದಲ್ಲಿ, ಸಮುದ್ರವೇ ಮಡಿಚಿ ಬಿದ್ದಂತೆ ಒಡೆಯುವ ಅಲೆ. 2006ರ ಸ್ಪರ್ಧೆಯಾದ ಮೇಲೆ ಅದನ್ನು ಹೆಂಗಸರ ವಿಶ್ವ ಸ್ಪರ್ಧಾ ಸರಣಿಯಾದ ಟೂರ್‌ನಿಂದ ತೆಗೆದುಹಾಕಿದರು. ಅಪಾಯ ಎಂಬುದು ಕಾರಣ. ಗಂಡಸರಿಗೆ ಅದೇ ಬಂಡೆ, ಅದೇ ಅಪಾಯ, ಅವರ ಸ್ಪರ್ಧೆ ಮುಂದುವರಿಯಿತು. ಹೆಂಗಸರು ಅಲ್ಲಿಗೆ ಮರಳಿದ್ದು 2022ರಲ್ಲಿ. ನಡುವೆ 16 ವರ್ಷ. ಸ್ಟೆಫನಿ ಗಿಲ್ಮೋರ್ ಎಂಟು ಸಲ ವಿಶ್ವ ಚಾಂಪಿಯನ್ ಆದವರು, ಮೊದಲನೆಯದು 2007ರಲ್ಲಿ, ಎಂಟನೆಯದು 2022ರಲ್ಲಿ. ಅವರ ವೃತ್ತಿಜೀವನದ ಬಹುಪಾಲು ಆ ಬಾಗಿಲು ಮುಚ್ಚಿಯೇ ಇತ್ತು.

ಬಾಗಿಲು ತೆರೆದ ಮೇಲೆ ಆದದ್ದನ್ನು ನೋಡಿ. 2024ರ ಮೇ ತಿಂಗಳಲ್ಲಿ ಅಲ್ಲಿ ಗೆದ್ದದ್ದು ವಹೀನೆ ಫಿಯೆರೊ, ಟೂರ್‌ನ ಖಾಯಂ ಸ್ಪರ್ಧಿಯಲ್ಲ, ವೈಲ್ಡ್‌ಕಾರ್ಡ್ ಎಂಬ ವಿಶೇಷ ಪ್ರವೇಶ ಪಡೆದ ಫ್ರೆಂಚ್ ಪಾಲಿನೇಷ್ಯಾದ ಹುಡುಗಿ. ಅದೇ ಸ್ಪರ್ಧೆಯಲ್ಲಿ ತಾತಿಯಾನಾ ವೆಸ್ಟನ್-ವೆಬ್ ಒಂದು ಅಲೆಗೆ ಹತ್ತಕ್ಕೆ ಹತ್ತು ತೆಗೆದರು. ಎರಡೇ ತಿಂಗಳಲ್ಲಿ ಅದೇ ನೀರಲ್ಲಿ ಪ್ಯಾರಿಸ್ ಒಲಿಂಪಿಕ್ಸ್‌ನ ಸರ್ಫಿಂಗ್ ನಡೆಯಿತು, ಕ್ಯಾರೊಲಿನ್ ಮಾರ್ಕ್ಸ್ ಚಿನ್ನ ಗೆದ್ದರು. ಹವಾಯಿಯ ಪೈಪ್‌ಲೈನ್ ಎಂಬ ಹೆಸರಾದ ಅಲೆಯಲ್ಲೂ ಇದೇ ಕಥೆ. 2022ರಲ್ಲಿ ಮೊದಲ ಬಾರಿಗೆ ಅಲ್ಲಿ ಹೆಂಗಸರ ಸ್ಪರ್ಧೆ ಪೂರ್ತಿಯಾಗಿ ನಡೆದಾಗ, ಫೈನಲ್‌ನಲ್ಲಿ ಒಲಿಂಪಿಕ್ ಚಾಂಪಿಯನ್ ಕ್ಯಾರಿಸಾ ಮೂರ್ ಅವರನ್ನು ಸೋಲಿಸಿದ್ದು ಮೊವಾನಾ ಜೋನ್ಸ್ ವಾಂಗ್ ಎಂಬ ಸ್ಥಳೀಯ ಹುಡುಗಿ. ಅವರೂ ವೈಲ್ಡ್‌ಕಾರ್ಡ್. ಸ್ಪರ್ಧೆ ಇಲ್ಲದ ವರ್ಷಗಳಲ್ಲೂ ವಹೀನೆ, ಮೊವಾನಾ ಇಬ್ಬರೂ ತಮ್ಮ ತಮ್ಮ ಅಲೆಯನ್ನು ಬಿಡಲಿಲ್ಲ. ಯಾವ ಸ್ವೆಲ್‌ಗೆ ಎಲ್ಲಿ ಕೂರಬೇಕು, ಯಾವ ಅಲೆ ಬಿಡಬೇಕು, ಎಲ್ಲಿ ಬಿದ್ದರೆ ಬಂಡೆ ತಾಗುತ್ತದೆ, ಇದೆಲ್ಲ ಮೈಗೆ ಇಳಿಯುವುದು ವರ್ಷಗಟ್ಟಲೆ ಅದೇ ನೀರಲ್ಲಿ ಇದ್ದವರಿಗೆ ಮಾತ್ರ. ಈ ಎರಡು ಗೆಲುವುಗಳ ಬಗ್ಗೆ ಎಷ್ಟು ಮಾತಾಡಿದರೂ ನನಗೆ ಸಾಲದು.

ನಮ್ಮ ಕರಾವಳಿಗೆ ಬರೋಣ. ಮೂಲ್ಕಿಯಲ್ಲಿ ‘ಸರ್ಫಿಂಗ್ ಸ್ವಾಮಿ’ ಎಂದೇ ಹೆಸರಾದ ಜಾಕ್ ಹೆಬ್ನರ್ 2004ರಲ್ಲಿ ಮಂತ್ರ ಸರ್ಫ್ ಕ್ಲಬ್ ಶುರು ಮಾಡಿದರು. ಮಣಿಪಾಲಕ್ಕೆ ಪತ್ರಿಕೋದ್ಯಮ ಓದಲು ಬಂದ ಮುಂಬೈನ ಇಶಿತಾ ಮಾಳವೀಯ ಇದೇ ತೀರದಲ್ಲಿ ಸರ್ಫಿಂಗ್ ಕಲಿತು ದೇಶದ ಮೊದಲ ವೃತ್ತಿಪರ ಸರ್ಫರ್ ಮಹಿಳೆಯಾದರು. ಉಡುಪಿ ಕಡೆಯ ಕೋಡಿ ಬೆಂಗ್ರೆಯಲ್ಲಿ ಶಾಕಾ ಸರ್ಫ್ ಕ್ಲಬ್ ಕಟ್ಟಿದರು. ನಂದಿನಿ, ಶಾಂಭವಿ ನದಿಗಳು ಸಮುದ್ರ ಸೇರುವ ಸಸಿಹಿತ್ಲುವಿನಲ್ಲಿ ಇಂಡಿಯನ್ ಓಪನ್ ಎಂಬ ಸರ್ಫಿಂಗ್ ಸ್ಪರ್ಧೆ ನಡೆದದ್ದುಂಟು. 2024ರಲ್ಲಿ ಅಲ್ಲಿ ಮಹಿಳೆಯರ ಮುಕ್ತ ವಿಭಾಗ, 16 ವರ್ಷದೊಳಗಿನ ಹುಡುಗಿಯರ ವಿಭಾಗ, ಎರಡನ್ನೂ ಗೆದ್ದದ್ದು ಮಹಾಬಲಿಪುರದ ಕಮಲಿ ಮೂರ್ತಿ. ನಮ್ಮ ಕಡಲಿನ ಅಲೆ, ತಮಿಳುನಾಡಿನ ಹುಡುಗಿ. ನನಗೆ ಖುಷಿಯೇ ಆಯಿತು. ಆದರೆ ನಮ್ಮ ಹುಡುಗಿಯರು ಇನ್ನೂ ಹೆಚ್ಚು ಮಂದಿ ಯಾಕಿಲ್ಲ ಎಂದು ಕೇಳಲೇಬೇಕಾಗುತ್ತದೆ. ಬಿಸಿಲಿಗೆ ಕಪ್ಪಾಗುತ್ತೀಯ, ಮದುವೆ ಹೇಗೆ, ಒದ್ದೆ ಬಟ್ಟೆಯಲ್ಲಿ ಎಲ್ಲರೆದುರು ಹೇಗೆ ಎಂಬ ಮಾತು ಕೇಳದೆ ಬೋರ್ಡ್ ಹಿಡಿದ ಹುಡುಗಿ ಕರಾವಳಿಯಲ್ಲಿ ಸಿಗುವುದು ಕಷ್ಟ.

ಕೊಡಗಿನಲ್ಲಿ ಕೂತು ಇವಳಿಗೇಕೆ ಸಮುದ್ರದ ಉಸಾಬರಿ ಎಂದು ಕೇಳುವವರಿದ್ದಾರೆ. ನಮ್ಮ ಪುಷ್ಪಗಿರಿ ಬೆಟ್ಟದ ಮಳೆ ಕುಮಾರಧಾರೆಯಾಗಿ, ಉಪ್ಪಿನಂಗಡಿಯಲ್ಲಿ ನೇತ್ರಾವತಿ ಸೇರಿ, ಮಂಗಳೂರಲ್ಲೇ ಕಡಲಿಗೆ ಇಳಿಯುತ್ತದೆ. ಮಡಿಕೇರಿಯಿಂದ ಸಂಪಾಜೆ ಘಾಟಿ ಇಳಿದು ಮಂಗಳೂರು ತಲುಪಲು ಸುಮಾರು 140 ಕಿಲೋಮೀಟರ್. ಬೆಂಗಳೂರು ಇದಕ್ಕಿಂತ ದೂರ, ಆದರೂ ಮಕ್ಕಳನ್ನು ಕೋಚಿಂಗಿಗೆ ಅಲ್ಲಿಗೆ ಕಳಿಸುವಾಗ ಯಾರೂ ದೂರ ಅನ್ನುವುದಿಲ್ಲ.

ಹೆಣ್ಣುಮಕ್ಕಳ ಆಟದ ವಿಷಯದಲ್ಲಿ ನಮ್ಮ ಜಿಲ್ಲೆ ಹಿಂದೆ ಬಿದ್ದಿಲ್ಲ. ಅಶ್ವಿನಿ ನಾಚಪ್ಪ ಅವರ ನಾಡು ಇದು. 1997ರಲ್ಲಿ ಪಾಂಡಂಡ ಕುಟ್ಟಪ್ಪ ಕರಡದಲ್ಲಿ ಶುರು ಮಾಡಿದ ಕೌಟುಂಬಿಕ ಹಾಕಿಯಲ್ಲಿ ಒಂದೇ ಒಕ್ಕದ (ಮನೆತನದ) ಅಜ್ಜ, ಮೊಮ್ಮಗ, ಸೊಸೆ, ಮಗಳು ಒಂದೇ ತಂಡದಲ್ಲಿ ಸ್ಟಿಕ್ ಹಿಡಿದು ಇಳಿಯುತ್ತಾರೆ. ಬೇರೆ ಯಾವ ಊರಿನಲ್ಲಿ ಇದನ್ನು ನೋಡಿದ್ದೀರಿ? ನನಗೆ ಇದರ ಬಗ್ಗೆ ಅಪಾರ ಹೆಮ್ಮೆ. ಆದರೆ ಹಬ್ಬ ಮುಗಿದ ಮೇಲೆ, ದಿನನಿತ್ಯದ ಅಭ್ಯಾಸದಲ್ಲಿ ಏನಾಗುತ್ತದೆ? ನಾನು ಓದಿದ ಶಾಲೆಯಲ್ಲಿ ಸಂಜೆಯ ತಂಪು ಹೊತ್ತು ಹುಡುಗರದ್ದು, ನೆತ್ತಿ ಸುಡುವ ಹೊತ್ತು ನಮ್ಮದು. ಮಳೆ ಬಂದು ಮೈದಾನದ ಅರ್ಧ ಕೆಸರಾದರೆ, ಆ ಅರ್ಧವೂ ನಮ್ಮದೇ. ತೆಆಹುಪೊದ ಸುದ್ದಿ ಓದಿದಾಗ ನನಗೆ ನೆನಪಾದದ್ದು ಅದೇ.

ಮೈದಾನದಲ್ಲಿ ಅರ್ಧವಾದರೂ ಸಿಕ್ಕಿತು. ನೀರಲ್ಲಿ ಅದೂ ಇಲ್ಲ. ಕಾವೇರಿ ಹುಟ್ಟುವ ಜಿಲ್ಲೆಯಲ್ಲಿ ಈಜು ಬಾರದ ಹೆಣ್ಣುಮಕ್ಕಳು ಎಷ್ಟು ಜನ ಎಂದು ನಿಮ್ಮ ಮನೆಯಲ್ಲೇ ಕೇಳಿ ನೋಡಿ. ಅಣ್ಣತಮ್ಮಂದಿರು ಬೇಸಿಗೆಯಲ್ಲಿ ಹೊಳೆಗೆ ಹಾರಿ ಕಲಿತರು, ನಾವು ದಂಡೆಯಲ್ಲಿ ಅವರ ಬಟ್ಟೆ ಕಾಯ್ದೆವು. ಕಕ್ಕಡ ತಿಂಗಳ ಜೋರು ಮಳೆಯಲ್ಲಿ ಉಕ್ಕಿದ ಹೊಳೆಗೆ ಯಾರನ್ನೂ ಇಳಿಸಿ ಎಂದು ನಾನು ಹೇಳುತ್ತಿಲ್ಲ. ಹೊಳೆ ಜೀವ ತೆಗೆಯುತ್ತದೆ ಎಂಬುದು ನಮಗೆ ಯಾರೂ ಹೇಳಿಕೊಡಬೇಕಾಗಿಲ್ಲ. ಆದರೆ ಆ ಭಯಕ್ಕೆ ಮದ್ದು ದಂಡೆಯಲ್ಲಿ ಕೂರಿಸುವುದಲ್ಲ, ಈಜು ಕಲಿಸುವುದು. ಸಮುದ್ರದಲ್ಲೂ ಹಾಗೆಯೇ. ದಡದಿಂದ ಒಳಕ್ಕೆ ಎಳೆದುಕೊಂಡು ಹೋಗುವ ರಿಪ್ ಕರೆಂಟ್‌ಗೆ ಸಿಕ್ಕಿದವರು ನೇರ ದಡದ ಕಡೆಗೇ ಈಜಲು ಹೋಗಿ ಸುಸ್ತಾಗಿ ಮುಳುಗುತ್ತಾರೆ. ದಡಕ್ಕೆ ಸಮಾನಾಂತರವಾಗಿ ಪಕ್ಕಕ್ಕೆ ಈಜಿ ಸೆಳೆತದಿಂದ ಹೊರಬಂದು ಆಮೇಲೆ ದಡಕ್ಕೆ ತಿರುಗಬೇಕು. ಸರ್ಫಿಂಗ್ ಕಲಿಸುವವರು ಇದನ್ನೂ ಕಲಿಸುತ್ತಾರೆ. ರಜೆಗೆ ಸುರತ್ಕಲ್, ಪಣಂಬೂರು ಎಂದು ಹೋಗುವ ನಮ್ಮ ಮಕ್ಕಳಲ್ಲಿ ಎಷ್ಟು ಜನರಿಗೆ ಇದು ಗೊತ್ತು?

ಹಾಕಿ ಆಡಿದ ಹುಡುಗಿಗೆ ಸರ್ಫಿಂಗ್ ತೀರಾ ಹೊಸದೂ ಅಲ್ಲ. ಮಂಡಿ ಬಗ್ಗಿಸಿ, ಸೊಂಟ ಇಳಿಸಿ, ಕಣ್ಣು ಮುಂದಕ್ಕಿಟ್ಟು ನಿಲ್ಲುವುದು ಅವಳಿಗೆ ಆಗಲೇ ಬರುತ್ತದೆ. ಭುಜದ ಬಲ ಮಾತ್ರ ಬೇರೆ ಕಟ್ಟಬೇಕು, ಯಾಕೆಂದರೆ ನೀರಲ್ಲಿ ಹೆಚ್ಚಿನ ಹೊತ್ತು ಹೋಗುವುದು ಬೋರ್ಡ್ ಮೇಲೆ ಮಲಗಿ ಪ್ಯಾಡಲ್ ಮಾಡುವುದರಲ್ಲೇ. ನಿಲ್ಲುವುದು ಕೆಲವು ಕ್ಷಣ ಅಷ್ಟೆ.

ಈ ಸಲ ಕ್ರಿಸ್‌ಮಸ್ ರಜೆಯಲ್ಲಿ ಅಕ್ಕನ ಮಗಳನ್ನೂ ಅವಳ ಹಾಕಿ ತಂಡದ ಗೆಳತಿಯರನ್ನೂ ಮೂಲ್ಕಿಗೆ ಕರೆದುಕೊಂಡು ಹೋಗುತ್ತಿದ್ದೇನೆ. ಆ ತಿಂಗಳಲ್ಲಿ ಅಲೆ ಚಿಕ್ಕದು, ಕಲಿಯುವವರಿಗೆ ಅದೇ ಸರಿ. ಅರೇಬಿಕಾ ಕೊಯ್ಲಿನ ಗಡಿಬಿಡಿ ಎಲ್ಲರ ಮನೆಯಲ್ಲೂ ಇರುತ್ತದೆ, ಗೊತ್ತು. ಆದರೂ ವಿರಾಜಪೇಟೆ, ಸೋಮವಾರಪೇಟೆ ಕಡೆಯಿಂದ ಮಗಳನ್ನು ಕಳಿಸುವವರಿದ್ದರೆ ಕಾಮೆಂಟ್‌ನಲ್ಲಿ ಹೇಳಿ, ಅಮ್ಮಂದಿರು ಜೊತೆಗೆ ಬಂದರೆ ಇನ್ನೂ ಸಂತೋಷ. ಈಜು ಬಾರದಿದ್ದವರು ಈಗಿನಿಂದಲೇ ಎಲ್ಲಾದರೂ ಕೊಳಕ್ಕೆ ಸೇರಿಕೊಳ್ಳಿ. ಲೈಫ್‌ಜಾಕೆಟ್ ಇದೆಯಲ್ಲ ಎಂಬ ಧೈರ್ಯದಲ್ಲಿ ಯಾರನ್ನೂ ಕರೆದುಕೊಂಡು ಹೋಗುವುದಿಲ್ಲ.