ರೋಬೋಟಿಗೆ ಒಳ್ಳೇದು-ಕೆಟ್ಟದ್ದು ಕಲಿಸಬೇಕೇ?

ಪರ: ಕಲಿಸಲೇಬೇಕು

ನಮ್ಮವ್ವನಿಗೆ ಶುಗರ್ ಇದೆ. ಇಳಕಲ್ಲಿನಲ್ಲಿ ಒಬ್ಬಳೇ ಇರುತ್ತಾಳೆ, ನಾನು ಬೆಳಗಾವಿಯಲ್ಲಿ. ದಿನಾ ಫೋನಿನಲ್ಲಿ 'ಗುಳಿಗಿ ತಗೊಂಡ್ಯೇನಬೇ?' ಅಂದರೆ 'ಹ್ಞೂ' ಅನ್ನುತ್ತಾಳೆ. ದೀಪಾವಳಿಗೆ ಹೋದಾಗ ಜೋಳದ ಡಬ್ಬಿಯಲ್ಲಿ 23 ಗುಳಿಗೆ ಸಿಕ್ಕವು.

ಅವಳ ಹತ್ತಿರ ಒಂದು ರೋಬೋಟ್ ಇದೆ ಅಂದುಕೊಳ್ಳಿ. ಹೊತ್ತಿಗೆ ಸರಿಯಾಗಿ ಕೂಗುವುದಷ್ಟೇ ಆದರೆ ಮೊಬೈಲ್ ಅಲಾರಂ ಸಾಕು. ಅವ್ವ 'ಒಲ್ಲೆ' ಅಂದಾಗ ಏನು ಮಾಡಬೇಕು? ಸುಮ್ನೆ ಇರಬೇಕಾ, ಮತ್ತೊಮ್ಮೆ ಹೇಳಬೇಕಾ, ನನಗೆ ಚಾಡಿ ಹೇಳಬೇಕಾ? ಅಮೆರಿಕದ ಆಂಡರ್ಸನ್ ದಂಪತಿ ಇದನ್ನೇ ಹಿಡಿದು ಕೂತರು. ಗಂಡ ಕಂಪ್ಯೂಟರ್ ಕಲಿಸುವವರು, ಹೆಂಡತಿ ತತ್ತ್ವಶಾಸ್ತ್ರ. 2010ರ ಹೊತ್ತಿಗೆ ನಾವೊ ಅನ್ನುವ, ಎರಡಡಿಯೂ ಇಲ್ಲದ ರೋಬೋಟಿಗೆ ಕಲಿಸಿದರು. ಗುಳಿಗೆಯಿಂದ ಎಷ್ಟು ಒಳ್ಳೇದು, ಬಿಟ್ಟರೆ ಎಷ್ಟು ಕೆಡುಕು, ರೋಗಿಯ ಮಾತಿಗೆ ಎಷ್ಟು ಬೆಲೆ, ಮೂರನ್ನೂ ಅದು ತೂಗಿ ನೋಡುತ್ತದೆ. ಕೆಡುಕು ಜಾಸ್ತಿ ಅನ್ನಿಸಿದಾಗ ಮಾತ್ರ ಡಾಕ್ಟರಿಗೆ ಹೇಳುತ್ತದೆ.

ಕಲಿಸದಿದ್ದರೆ ಏನಾಗುತ್ತದೆ? 2018ರಲ್ಲಿ ಅರಿಜೋನಾದಲ್ಲಿ ತಾನೇ ಓಡುವ ಕಾರೊಂದು ಸೈಕಲ್ ತಳ್ಳಿಕೊಂಡು ರಸ್ತೆ ದಾಟುತ್ತಿದ್ದ ಹೆಂಗಸಿಗೆ ಬಡಿಯಿತು. ಆಕೆ ಸತ್ತಳು. ಕ್ರಾಸಿಂಗ್ ಇಲ್ಲದ ಕಡೆ ಜನ ದಾಟಬಹುದು ಅನ್ನುವ ಲೆಕ್ಕವೇ ಆ ಕಾರಿನ ಸಾಫ್ಟ್‌ವೇರಿನಲ್ಲಿ ಇರಲಿಲ್ಲ. ನಮ್ಮ ಚನ್ನಮ್ಮ ಸರ್ಕಲ್ಲಿಗೆ ಅಂಥ ಕಾರು ಬಂದರೆ?

ಯಂತ್ರಕ್ಕೆಲ್ಲಿಯ ಅಂತಃಕರಣ ಅನ್ನುವವರಿದ್ದಾರೆ. ಬೇಡ ಬಿಡಿ. ಅಂತಃಕರಣ ಇರುವ ಮಗ ನಾನು, ಮೂರು ತಿಂಗಳು ದಿನಾ ಫೋನ್ ಮಾಡಿದರೂ ಆ ಡಬ್ಬಿ ನನಗೆ ಕಾಣಲಿಲ್ಲ.

ವಿರೋಧ: ಬೇಡ

ನನ್ನ ಪಾಲಿಗೆ ವಿರೋಧ ಬಂದಿದೆ, ಬರೆಯುತ್ತೇನೆ. ಭಾಂಡೆ ತಿಕ್ಕುವ ರೋಬೋಟ್ ಬಂದರೆ ನಾನೂ ಒಲ್ಲೆ ಅನ್ನುವವನಲ್ಲ.

ಪರ ಬರೆದವರ ರೋಬೋಟ್ ಇವತ್ತು ಗುಳಿಗೆ ನುಂಗಿಸುತ್ತದೆ, ನಾಳೆ ಹೋಳಿಗೆ ತಾಟು ಕಸಿದುಕೊಳ್ಳುತ್ತದೆ. ಇಳಕಲ್ಲಿಗೆ ಬಸ್ಸಿದೆಯಲ್ಲ?

ಇಂಗ್ಲೆಂಡಿನ ಬ್ರಿಸ್ಟಲ್‌ನಲ್ಲಿ ಅಲನ್ ವಿನ್‌ಫೀಲ್ಡ್ ಅನ್ನುವ ರೋಬೋಟ್ ವಿಜ್ಞಾನಿ 2014ರಲ್ಲಿ ಒಂದು ಪರೀಕ್ಷೆ ಮಾಡಿದರು. ಗುಂಡಿಗೆ ಬೀಳುವವರನ್ನು ತಡೆ ಅಂತ ರೋಬೋಟಿಗೆ ಹೇಳಿಕೊಟ್ಟಿದ್ದರು. ಮನುಷ್ಯನ ಬದಲು ಇನ್ನೊಂದು ರೋಬೋಟ್ ಬಿಟ್ಟಾಗ ತಡೆಯಿತು. ಎರಡು ಬಿಟ್ಟಾಗ ಯಾರನ್ನು ತಡೆಯಲಿ ಅಂತ ಅತ್ತ-ಇತ್ತ ಓಲಾಡಿತು. 33 ಸಲದಲ್ಲಿ 14 ಸಲ ಎರಡೂ ಬಿದ್ದವು.

ವಿಜಯಪುರದ ನಮ್ಮ ಓಣಿಯ ಆಯಿಯೊಬ್ಬಳು ರೇಷನ್ನಿಗೆ ಬಂದಿದ್ದಳು. ರೊಟ್ಟಿ ಬಡಿದೂ ಬಡಿದೂ ಬೆರಳಿನ ಗೆರೆ ಸವೆದಿದ್ದವು. ಮಷಿನ್ ಹೆಬ್ಬೆಟ್ಟು ಒಪ್ಪಲಿಲ್ಲ. ಅಂಗಡಿಯವ ಟವೆಲ್ಲಿನಿಂದ ಅವಳ ಬೆರಳು ಒರೆಸಿ ನಾಲ್ಕು ಸಲ ಒತ್ತಿಸಿದ. ಕಡೆಗೆ ಮಷಿನ್ ಬದಿಗಿಟ್ಟು, 'ಇದಕ್ಕ ನೀ ಗೊತ್ತಿಲ್ಲ ಆಯಿ, ನನಗ ಗೊತ್ತದಿ' ಅಂತ ಚೀಲ ಹಿಡಿಸಿ ಅಕ್ಕಿ ಸುರಿದ. ಇದನ್ನು ಯಾವ ಮಷಿನ್ನಿಗೆ ಕಲಿಸುತ್ತೀರಿ?

ಅವತ್ತು ನನ್ನ ಅಕ್ಕಿಯಲ್ಲಿ ಅದೇ ಪುಣ್ಯಾತ್ಮ ಕಾಲು ಕಿಲೋ ಹೊಡೆದಿದ್ದ. ಮನೆಗೆ ಬಂದು ತೂಗಿದಾಗ ಗೊತ್ತಾಯಿತು.